ಡಚ್ಚರ ನಾಡಿನ ಮರಣಪುಸ್ತಕಗಳು

ಯುರೋಪಖಂಡದ ವಾಯವ್ಯ ದಿಕ್ಕಿನಲ್ಲಿ, ಉತ್ತರ ಸಮುದ್ರದ ಅಂಚಿನಲ್ಲಿ, ನೆದರ್‌ಲೆಂಡ್ಸ್ ಎಂಬ ಚಿಕ್ಕ ದೇಶವಿರುವುದು. ನಮ್ಮವರು ವಾಡಿಕೆಯಲ್ಲಿ ಅದನ್ನು ಹಾಲೆಂಡ್ ಎನ್ನುವರು. ಅಲ್ಲಿಯ ಜನರನ್ನು ಡಚ್ಚರು ಎನ್ನುವರು. ಆ ದೇಶದ ಹೆಸರಿಗೇ ‘ತಗ್ಗು ನಾಡುಗಳು’ ಎಂದರ್ಥ. ಅದರ ನೆಲದಲ್ಲಿ ಸುಮಾರು ಕಾಲುಭಾಗವು ಸಮುದ್ರದ ಮಟ್ಟಕ್ಕಿಂತ ಕೆಳಗಿರುವುದರಿಂದ, ಏರಿಗಳನ್ನು ಕಟ್ಟಿ, ಕಾಲುವೆಗಳನ್ನು ತೋಡಿ, ನೀರನ್ನು ಹೊರಕ್ಕೆತ್ತಿ, ಅಂಗುಲ ಅಂಗುಲವಾಗಿ ಭೂಮಿಯನ್ನು ಕಾಪಾಡಿಕೊಂಡು ಬಂದವರು ಆ ಜನರು. ಪ್ರತಿದಿನವೂ ನೀರಿನ ಲೆಕ್ಕವನ್ನಿಡುವ ಜನಕ್ಕೆ ಮನುಷ್ಯರ ಲೆಕ್ಕವನ್ನಿಡುವುದೂ ಸಹಜವಾಗಿ ಒದಗಿತೋ ಏನೋ! ಅಲ್ಲಿಯ ಗಾಳಿಯಂತ್ರಗಳನ್ನೂ ಹೂವಿನ ಹೊಲಗಳನ್ನೂ ಕುರಿತು ಬರೆದವರು ಬಹುಮಂದಿ. ನಾನು ವಾಚಕರ ಮುಂದಿಡಬೇಕೆಂದಿರುವುದು ಯಾತ್ರಿಕರು ಸಾಮಾನ್ಯವಾಗಿ ನೋಡದ ಇನ್ನೊಂದು ವಸ್ತುವನ್ನು. ಅದೇ ಆ ನಾಡಿನ ಮರಣಪುಸ್ತಕಗಳು.

ನನ್ನ ಮಗಳೂ ಅಳಿಯನೂ ಲೈಡನ್ ಪಟ್ಟಣದಲ್ಲಿ ನೆಲಸಿರುವುದರಿಂದ, ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ಅಲ್ಲಿ ಕೆಲವು ತಿಂಗಳುಗಳನ್ನು ಕಳೆಯುವ ಅವಕಾಶವು ನನಗೆ ದೊರೆಯಿತು. ಸಂಸ್ಕೃತವನ್ನೋದಿದವನಿಗೆ ಲೈಡನ್ ಕೇವಲ ಪರದೇಶವಲ್ಲ. 1575ರಲ್ಲಿ ಸ್ಥಾಪಿತವಾದ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ 1865ರಿಂದ ಹೆಂಡ್ರಿಕ್ ಕರ್ನ್ ಎಂಬ ಮಹಾಪಂಡಿತರು ಸಂಸ್ಕೃತವನ್ನು ಬೋಧಿಸಿದರು. ಅದಕ್ಕಿಂತ ಇನ್ನೂರು ವರ್ಷ ಹಿಂದೆಯೇ, ಪುಲಿಕಾಟಿನ ಡಚ್ ಕೋಟೆಯಲ್ಲಿ ಪಾದ್ರಿಯಾಗಿದ್ದ ಅಬ್ರಹಾಂ ರೊಗೇರಿಯಸ್ ಎಂಬಾತನು ಪದ್ಮನಾಭನೆಂಬ ಬ್ರಾಹ್ಮಣನ ಸಹಾಯದಿಂದ ಭರ್ತೃಹರಿಯ ಸುಭಾಷಿತಗಳನ್ನು ಡಚ್ ಭಾಷೆಗೆ ತಿರುಗಿಸಿದನು. ಆತನು 1649ರಲ್ಲಿ ತೀರಿಕೊಂಡನು. ಗ್ರಂಥವನ್ನು 1651ರಲ್ಲಿ ಇದೇ ಲೈಡನ್ನಿನಲ್ಲಿ ಅಚ್ಚುಹಾಕಿಸಿದವಳು ಆತನ ವಿಧವೆ. ಸತ್ತವರು ಬಿಟ್ಟುಹೋದ ಕಾಗದವನ್ನು ಇದ್ದವರು ಜೋಪಾನಮಾಡಿದರೆ ಏನು ಫಲವಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮಗಳ ಮನೆಯ ಪಕ್ಕದಲ್ಲಿ ಎಪ್ಪತ್ತೈದು ವರ್ಷದ ಒಬ್ಬ ವೃದ್ಧೆ ಇದ್ದರು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ವಿಶ್ರಾಂತಿ ಪಡೆದವರು. ತಮ್ಮ ವಂಶದ ಹಿಂದಿನವರನ್ನು ಹುಡುಕುವುದೇ ಈಗ ಆಕೆಯ ವ್ಯಾಸಂಗವಾಗಿದ್ದಿತು. ನಾನು ಹಳೆಯ ಓಲೆಗರಿಗಳನ್ನು ಓದಬಲ್ಲೆನೆಂದು ಮಗಳಿಂದ ತಿಳಿದು, ಒಂದು ದಿನ ಆಕೆ ತಾವೇ ಬಂದು, “ನನ್ನೊಡನೆ ದಫ್ತರಖಾನೆಗೆ ಬರುವಿರಾ?” ಎಂದು ಕೇಳಿದರು. ಹೀಗೆ ನನಗೆ ಆ ಪುಸ್ತಕಗಳ ಪರಿಚಯವಾಯಿತು.

ಮೊದಲು ಆ ಪುಸ್ತಕಗಳ ವಿಚಾರವನ್ನು ಹೇಳುವೆನು. ನೆಪೋಲಿಯನ್ ಚಕ್ರವರ್ತಿಯು 1810ರಲ್ಲಿ ನೆದರ್‌ಲೆಂಡ್ಸನ್ನು ಫ್ರಾನ್ಸಿಗೆ ಸೇರಿಸಿಕೊಂಡನು. ಅದರ ಫಲವಾಗಿ 1811ರ ಹೊತ್ತಿಗೆ ದೇಶದೆಲ್ಲೆಡೆಯಲ್ಲಿಯೂ ಜನನ, ವಿವಾಹ, ಮರಣಗಳನ್ನು ಸರ್ಕಾರದ ಪುಸ್ತಕಗಳಲ್ಲಿ ಬರೆಯಿಸಬೇಕೆಂಬ ಕಟ್ಟಳೆಯು ಬಂದಿತು. ದಕ್ಷಿಣದ ಕೆಲವು ಪ್ರಾಂತಗಳಲ್ಲಿ ಇದು 1796ರಿಂದಲೇ ನಡೆದಿದ್ದಿತು. ಚಕ್ರವರ್ತಿಯು ಹೋದನು, ಕಟ್ಟಳೆಯು ಉಳಿಯಿತು. ಆ ಕಾಲದಲ್ಲಿ ಊರಿನಲ್ಲಿ ಯಾರಾದರೂ ಸತ್ತರೆ ಇಬ್ಬರು ಪುರುಷರು ಪುರಭವನಕ್ಕೆ ಹೋಗಿ ಅಧಿಕಾರಿಯ ಮುಂದೆ ಹೇಳಿಕೆ ಕೊಡಬೇಕಾಗಿದ್ದಿತು. ಸತ್ತವರ ಹೆಸರು, ವಯಸ್ಸು, ಹುಟ್ಟಿದ ಊರು, ಕಸುಬು, ತಂದೆ ತಾಯಿಗಳ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಸತ್ತ ದಿನ, ಗಳಿಗೆ, ಇವಿಷ್ಟನ್ನೂ ಬರೆದು, ಓದಿ ಹೇಳಿ, ರುಜು ಹಾಕಿಸುತ್ತಿದ್ದರು. ರುಜು ಮಾಡಲರಿಯದವನಾದರೆ ‘ಈತನು ಬರೆಯಲು ಕಲಿತವನಲ್ಲ’ವೆಂದು ಅದನ್ನೂ ಬರೆಯುತ್ತಿದ್ದರು. ಇಂತಹ ಪುಸ್ತಕಗಳನ್ನು ಎರಡು ಪ್ರತಿಯಾಗಿ ಇಡುತ್ತಿದ್ದರು. ಒಂದು ಊರಿನ ಕಚೇರಿಗೆ, ಇನ್ನೊಂದು ನ್ಯಾಯಸ್ಥಾನಕ್ಕೆ. ಬೆಂಕಿಯೋ ನೀರೋ ಒಂದನ್ನು ನುಂಗಿದರೂ ಇನ್ನೊಂದು ಉಳಿಯಲೆಂಬ ವಿವೇಕವು ಅದರಲ್ಲಿರುವುದು.

ವಂಶವನ್ನು ಹುಡುಕುವವನಿಗೆ ಜನನಪತ್ರಕ್ಕಿಂತಲೂ ಮರಣಪತ್ರವೇ ಹೆಚ್ಚಿನ ಬೆಳಕನ್ನು ಕೊಡುವುದೆಂಬುದು ಮೊದಲು ಕೇಳಿದಾಗ ವಿಪರೀತವಾಗಿ ತೋರುವುದು. ಯೋಚಿಸಿದರೆ ನ್ಯಾಯವು ತಿಳಿಯುತ್ತದೆ. ಹುಟ್ಟಿದ ಕೂಸಿಗೆ ತಂದೆ ತಾಯಿಗಳುಂಟು, ಚರಿತ್ರೆಯಿಲ್ಲ. ಸತ್ತ ಮುದುಕನಿಗೆ ಎರಡೂ ಉಂಟು. 1811ಕ್ಕೆ ಮೊದಲೇ ಹುಟ್ಟಿ, 1850ರ ಸುಮಾರಿನಲ್ಲಿ ಸತ್ತವನೊಬ್ಬನ ಮರಣಪತ್ರದಲ್ಲಿ ಆತನ ತಂದೆತಾಯಿಗಳ ಹೆಸರು ಸಿಕ್ಕಿದರೆ, ಆ ಒಂದೇ ಪಂಕ್ತಿಯಿಂದ ನಾವು 18ನೆಯ ಶತಮಾನದೊಳಕ್ಕೆ ಕಾಲಿಟ್ಟಂತಾಯಿತು. ಹತ್ತು ಹತ್ತು ವರ್ಷಗಳಿಗೊಮ್ಮೆ ಅಕಾರಾದಿಯಾಗಿ ಹೆಸರುಗಳ ಅನುಕ್ರಮಣಿಕೆಯನ್ನೂ ಅವರು ಮಾಡಿಟ್ಟಿರುವುದರಿಂದ ಹುಡುಕುವುದು ಸುಲಭ. ಜನನದ ಪುಸ್ತಕಗಳು ನೂರು ವರ್ಷ, ವಿವಾಹದವು ಎಪ್ಪತ್ತೈದು ವರ್ಷ, ಮರಣದವು ಐವತ್ತು ವರ್ಷ ಕಳೆದ ಮೇಲೆ ಎಲ್ಲರ ಅವಲೋಕನಕ್ಕೂ ತೆರೆಯುವುವು. ಈಗ ಅವುಗಳಲ್ಲಿ ಬಹುಭಾಗವನ್ನು ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿಯೇ ನೋಡಬಹುದು. ಆದರೂ ಮೂಲಪುಸ್ತಕದ ರಟ್ಟನ್ನು ತೆರೆದಾಗ ಬರುವ ಹಳೆಯ ಶಾಯಿಯ ವಾಸನೆಯು ಯಂತ್ರದಲ್ಲಿ ಬರಲಾರದು.

ಆ ಪುಸ್ತಕಗಳು ಹೇಳದಿರುವುದೂ ಒಂದುಂಟು. ಮರಣದ ಕಾರಣವನ್ನು ಅವುಗಳಲ್ಲಿ ಬರೆಯುವ ಪದ್ಧತಿಯಿಲ್ಲ. ಆದರೆ ಕಣ್ಣುಳ್ಳವನಿಗೆ ಪುಟಗಳೇ ಮಾತನಾಡುವುವು. 1866ನೆಯ ಇಸವಿಯ ಪುಸ್ತಕವನ್ನು ತೆರೆದರೆ ಬೇಸಗೆಯ ತಿಂಗಳುಗಳಲ್ಲಿ ಹಾಳೆಗಳು ಒಮ್ಮೆಗೇ ದಪ್ಪನಾಗುವುವು. ಒಂದೇ ಬೀದಿ, ಒಂದೇ ಮನೆ. ತಾಯಿ, ಮೂರು ದಿನಕ್ಕೆ ಮಗ, ಐದು ದಿನಕ್ಕೆ ಸೊಸೆ. ಆ ವರ್ಷ ದೇಶದಲ್ಲಿ ವಾಂತಿಭೇದಿಯು ಹಬ್ಬಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಬಲಿತೆಗೆದುಕೊಂಡಿತು. ಗುಮಾಸ್ತನು ರೋಗದ ಹೆಸರನ್ನು ಬರೆಯಲಿಲ್ಲ. ಆದರೆ ಆತನ ಅಕ್ಷರವು ದಿನದಿನಕ್ಕೆ ಅವಸರಗೊಂಡಿರುವುದನ್ನು ಕಂಡರೆ ಸಾಕು.

ಇನ್ನೊಂದು ಬಗೆಯ ಬರಹವು ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ಹೆಸರಿಲ್ಲದ ಕೂಸುಗಳ ಬರಹವದು. ಹುಟ್ಟುವಾಗಲೇ ಪ್ರಾಣವಿಲ್ಲದ ಶಿಶುವನ್ನೂ, ಹುಟ್ಟಿ ದಫ್ತರಿಗೆ ತಿಳಿಸುವ ಮೊದಲೇ ಕಣ್ಣುಮುಚ್ಚಿದ ಶಿಶುವನ್ನೂ ಜನನದ ಪುಸ್ತಕದಲ್ಲಿ ಬರೆಯದೆ, ಮರಣದ ಪುಸ್ತಕದಲ್ಲಿಯೇ ‘ನಿರ್ಜೀವ’ವೆಂದು ಬರೆಯುತ್ತಿದ್ದರು. ತಂದೆತಾಯಿಗಳ ಹೆಸರುಂಟು, ಕೂಸಿಗೆ ಹೆಸರಿಲ್ಲ. ನಮ್ಮ ವೃದ್ಧೆಯ ಮುತ್ತಜ್ಜಿಯ ಮನೆಯಲ್ಲಿ ಮೂರು ವರ್ಷದೊಳಗೆ ಇಂತಹವು ಎರಡು. ಅದನ್ನು ನೋಡಿ ಆಕೆ, “ನನ್ನ ಅಜ್ಜನು ತಾನೇ ಚೊಚ್ಚಲ ಮಗನೆಂದು ಹೇಳುತ್ತಿದ್ದನು. ಅವನಿಗೂ ತಿಳಿಯದು,” ಎಂದು ಮೆಲ್ಲನೆ ಹೇಳಿದರು. ಇಂತಹ ಕೂಸುಗಳನ್ನೂ ತಂದೆತಾಯಿಗಳು ಇಚ್ಛಿಸಿದರೆ ತಮ್ಮ ಮಕ್ಕಳೆಂದು ಸರ್ಕಾರದ ಜನಪಟ್ಟಿಯಲ್ಲಿ ಸೇರಿಸಬಹುದೆಂದು ಆ ದೇಶದವರು 2019ರಲ್ಲಿ ಕಾನೂನು ಮಾಡಿರುವರು.

1811ಕ್ಕಿಂತ ಹಿಂದೆ ಹೋಗಬೇಕಾದರೆ ಇಗರ್ಜಿಗಳ ಪುಸ್ತಕಗಳೇ ಗತಿ. ಜ್ಞಾನಸ್ನಾನ, ವಿವಾಹ, ಸಮಾಧಿ ಎಂದು ಅವು ಮೂರು ಬಗೆ. ಸಮಾಧಿಯ ಪುಸ್ತಕಗಳಲ್ಲಿ ಅನೇಕವು ನಿಜವಾಗಿ ಹಣದ ಲೆಕ್ಕಗಳೇ. ಹಾಲೆಂಡ್ ಪ್ರಾಂತದಲ್ಲಿ 1695ರಿಂದ ಸಮಾಧಿಗೂ ಒಂದು ತೆರಿಗೆಯಿದ್ದಿತು. ಸಿರಿವಂತರಿಗೆ 30 ಗಿಲ್ಡರು, ಅವರ ಕೆಳಗಿನವರಿಗೆ 15, ಆಮೇಲೆ 6, ಆಮೇಲೆ 3. ಏನೂ ಇಲ್ಲದವರಿಗೆ ‘ದೇವರ ಹೆಸರಿನಲ್ಲಿ’ ಮಾಫಿ. ಸಾವು ಎಲ್ಲರನ್ನೂ ಸಮಮಾಡುವುದೆಂದು ಎಲ್ಲ ದೇಶದ ಜ್ಞಾನಿಗಳೂ ಹೇಳಿರುವರು; ತೆರಿಗೆಯವನು ಮಾತ್ರ ಒಪ್ಪಲಿಲ್ಲ! ಆದರೆ ಆತನ ಈ ಲೋಭದಿಂದಲೇ ಇಂದು ನಮಗೆ ಒಂದು ಸಂಸಾರದ ಸ್ಥಿತಿಗತಿಯು ತಿಳಿಯುವುದು.

ಇನ್ನು ವೃದ್ಧೆಯ ಪ್ರಕರಣಕ್ಕೆ ಬರುವೆನು. ಆಕೆಯ ತಂದೆಯ ವಂಶವು ನೈಋತ್ಯದ ಜೀಲೆಂಡ್ ಪ್ರಾಂತದ ಮಿಡಲ್‌ಬರ್ಗ್ ಪಟ್ಟಣದ್ದು. ಮೂಲಪುರುಷನೊಬ್ಬನು ಹೆಂಡತಿಯನ್ನೂ ಹಾಲುಗಲ್ಲದ ಮಗನನ್ನೂ ಬಿಟ್ಟು, ಹಡಗು ಹತ್ತಿ ಪೂರ್ವದೇಶಗಳಿಗೆ ಓಡಿಹೋದನೆಂದು ಅವರ ಮನೆಯಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದರು. ಮನೆಯಲ್ಲಿ ಯಾವ ಗಂಡಸಾದರೂ ಸ್ವಲ್ಪ ಬೇಜವಾಬ್ದಾರಿಯಿಂದ ನಡೆದರೆ, “ಓಡಿಹೋದವನ ರಕ್ತ” ಎಂದು ಹಂಗಿಸುವುದು ವಾಡಿಕೆ. ಆಕೆಯ ತಂದೆಯು ಬಾಲ್ಯದಲ್ಲಿ ಈ ಮಾತನ್ನು ತನ್ನ ತಂದೆಯ ಬಾಯಿಂದ ಅನೇಕಾವೃತ್ತಿ ಕೇಳಿ ನೊಂದಿದ್ದನಂತೆ. “ಇದು ನಿಜವೋ ಸುಳ್ಳೋ ಎಂಬುದನ್ನು ನಾನು ಸಾಯುವ ಮೊದಲು ತಿಳಿಯಬೇಕು” ಎಂಬುದೇ ಆಕೆಯ ಸಂಕಲ್ಪ.

ಒಂದು ದಿನ ಬೆಳಗ್ಗೆ ಮಗಳನ್ನು ದ್ವಿಭಾಷಿಯಾಗಿ ಕರೆದುಕೊಂಡು ನಾವು ರೈಲಿನಲ್ಲಿ ಮಿಡಲ್‌ಬರ್ಗಿಗೆ ಹೊರಟೆವು. ಎರಡು ಗಂಟೆಗೂ ಮೀರಿದ ಪ್ರಯಾಣ. ದಾರಿಯುದ್ದಕ್ಕೂ ಚಾಪೆ ಹಾಸಿದಂತೆ ಸಮತಲವಾದ ಹಸುರು ನೆಲ, ನೇರವಾದ ಕಾಲುವೆಗಳು, ದೂರದಲ್ಲಿ ಏರಿಯ ಮೇಲೆ, ನಮ್ಮ ತಲೆಗಿಂತ ಮೇಲೆ ಎಂಬಂತೆ ತೇಲುವ ದೋಣಿಯ ಪಟ! ಜೀಲೆಂಡ್ ಎಂದರೆ ಸಮುದ್ರದ ನಾಡು. ‘ಹೋರಾಡುವೆನು, ಮೇಲೇಳುವೆನು’ ಎಂಬ ಅರ್ಥದ ಲ್ಯಾಟಿನ್ ವಾಕ್ಯವು ಆ ಪ್ರಾಂತದ ಲಾಂಛನದಲ್ಲಿರುವುದು. ಅದು ಬರಿಯ ಅಲಂಕಾರವಲ್ಲ. 1953ರ ಫೆಬ್ರವರಿ 1ನೆಯ ತಾರೀಖಿನ ರಾತ್ರಿ ಬಿರುಗಾಳಿಯಿಂದ ಏರಿಗಳೊಡೆದು ದೇಶದಲ್ಲಿ 1,836 ಜನ ಸತ್ತರು. ಹೆಚ್ಚಿನವರು ಈ ಭಾಗದವರೇ.

ಮಿಡಲ್‌ಬರ್ಗ್ ಬಹು ಸುಂದರವಾದ ಪಟ್ಟಣ. ವೃತ್ತಾಕಾರದ ಬೀದಿಗಳು, ಮಧ್ಯದಲ್ಲಿ ಹಳೆಯ ಮಠ, ಅದರ ಮಗ್ಗುಲಲ್ಲಿ ‘ಉದ್ದನೆಯ ಯಾನ್’ ಎಂದು ಊರವರು ಅಕ್ಕರೆಯಿಂದ ಕರೆಯುವ ಎತ್ತರವಾದ ಗೋಪುರ. ಆದರೆ ಹಳೆಯದೆಂದು ನಾವು ಮೆಚ್ಚುವ ಎಷ್ಟೋ ಕಟ್ಟಡಗಳು ಹೊಸದಾಗಿ ಕಟ್ಟಿದವು. 1940ರ ಮೇ 17ರಂದು, ಜರ್ಮನರ ದಂಡಯಾತ್ರೆಯ ಕಾಲದಲ್ಲಿ, ಊರಿನ ನಡುಭಾಗವು ಬೆಂಕಿಗೆ ಆಹುತಿಯಾಯಿತು. ಗೋಪುರವೂ ಕುಸಿಯಿತು. ಮನೆಗಳ ಜೊತೆಯಲ್ಲಿ ದಫ್ತರಖಾನೆಯ ಕಾಗದಗಳೂ ಉರಿದುವು; ಜೀಲೆಂಡಿನ ಅನೇಕ ಇಗರ್ಜಿಗಳ ಪುಸ್ತಕಗಳು ಆ ಒಂದೇ ದಿನ ಬೂದಿಯಾದುವು. ಇನ್ನೂರು ಮುನ್ನೂರು ವರ್ಷಗಳ ಕಾಲ ಸಮುದ್ರದಿಂದ ಕಾಪಾಡಿದುದನ್ನು ಮನುಷ್ಯನು ಒಂದು ಮಧ್ಯಾಹ್ನದಲ್ಲಿ ಸುಟ್ಟನು. ಆದುದರಿಂದ ಆ ಪ್ರಾಂತದ ವಂಶಗಳನ್ನು ಹುಡುಕುವವರು 1811ರ ಹತ್ತಿರಕ್ಕೆ ಬಂದೊಡನೆ ಗೋಡೆಗೆ ತಲೆ ತಗುಲಿದಂತೆ ನಿಲ್ಲಬೇಕಾಗುವುದು.

ಈಗಿನ ದಫ್ತರಖಾನೆಯು 18ನೆಯ ಶತಮಾನದ ಶ್ರೀಮಂತನೊಬ್ಬನ ದೊಡ್ಡ ಮನೆಯಲ್ಲಿರುವುದು. ಕೋಟು, ಚೀಲ, ಲೇಖನಿಗಳನ್ನು ಹೊರಗಿಟ್ಟು, ಸೀಸದಕಡ್ಡಿಯೊಂದನ್ನು ಮಾತ್ರ ಹಿಡಿದು ಒಳಗೆ ಹೋಗಬೇಕು. ವೃದ್ಧೆಯು ಅಜ್ಜ, ಮುತ್ತಜ್ಜ, ಅವನ ತಂದೆ, ಅವನ ತಂದೆ, ಎಂದು ನಾಲ್ಕು ಮರಣಪತ್ರಗಳ ಮೆಟ್ಟಿಲನ್ನು ಮೊದಲೇ ಏರಿದ್ದರು. ನಾಲ್ಕನೆಯದು 19ನೆಯ ಶತಮಾನದ ಮಧ್ಯದಲ್ಲಿ ಸತ್ತ ಒಬ್ಬ ಹಗ್ಗ ಹೊಸೆಯುವವನದು. ಹೇಳಿಕೆ ಕೊಟ್ಟವರು ಆತನ ಮಗನೂ ನೆರೆಯವನೂ. ಅದರಲ್ಲಿ ಆತನ ತಂದೆತಾಯಿಗಳ ಹೆಸರು ಸ್ಪಷ್ಟವಾಗಿದ್ದಿತು. ಓಡಿಹೋದನೆಂದು ಹೆಸರಾದವನು ಆ ತಂದೆಯೇ. ಅದರ ಹಿಂದಿನ ಇಗರ್ಜಿಪುಸ್ತಕವು ಬೆಂಕಿಯಲ್ಲಿ ಹೋಗಿದ್ದಿತು.

ಇಲ್ಲಿ ನಮಗೆ ನೆರವಾದುದು ಮದುವೆಯ ಕಾಗದಗಳ ಕಟ್ಟು. 1811ರ ತರುವಾಯ ಮದುವೆಯಾಗುವವರು ತಮ್ಮ ಜನನಕ್ಕೆ ಪ್ರಮಾಣವನ್ನೂ, ತಂದೆತಾಯಿಗಳು ಬದುಕಿಲ್ಲವಾದರೆ ಅವರ ಮರಣಕ್ಕೆ ಪ್ರಮಾಣವನ್ನೂ ಒಪ್ಪಿಸಬೇಕಾಗಿದ್ದಿತು. ಹಾಗೆ ಒಪ್ಪಿಸಿದ ನಕಲುಗಳನ್ನು ಕಟ್ಟುಕಟ್ಟಿ ಇಟ್ಟಿರುವರು. ಮೂಲಪುಸ್ತಕವು ಸುಟ್ಟಿದ್ದರೂ, ಅದರ ಒಂದು ಪಂಕ್ತಿಯ ನಕಲು ಹೀಗೆ ಬೇರೆಡೆಯಲ್ಲಿ ಬದುಕಿರುವುದುಂಟು. ಆ ಹಗ್ಗದವನ ಮದುವೆಯ ಕಟ್ಟಿನಲ್ಲಿ ಮೂರು ಕಾಗದಗಳಿದ್ದುವು. ಮೊದಲನೆಯದು ಆತನ ಜ್ಞಾನಸ್ನಾನದ ನಕಲು. ಎರಡನೆಯದು ಆತನ ತಾಯಿಯ ಸಮಾಧಿಯ ನಕಲು; ಮಗನಿಗೆ ಆರು ವರ್ಷ ತುಂಬುವ ಮೊದಲೇ ಆಕೆ ತೀರಿಕೊಂಡಿದ್ದಳು. ಮೂರನೆಯದು ನಾಲ್ವರು ಸಾಕ್ಷಿಗಳು ನ್ಯಾಯಾಧಿಕಾರಿಯ ಮುಂದೆ ಕೊಟ್ಟ ಹೇಳಿಕೆ: ‘ವರನ ತಂದೆಯು ಬಹುಕಾಲದ ಹಿಂದೆ ಪೂರ್ವದೇಶಗಳಿಗೆ ಹೋದನು, ಆ ಬಳಿಕ ಆತನ ಸುದ್ದಿಯಿಲ್ಲ.’ ವೃದ್ಧೆಯ ಮುಖವು ಬಾಡಿತು. ಮನೆಯ ಮಾತಿಗೆ ಸರ್ಕಾರದ ಮುದ್ರೆಯೇ ಬಿದ್ದಂತಾಯಿತಲ್ಲ!

ಅಲ್ಲಿಯ ದಫ್ತರದ ಅಧಿಕಾರಿಯು ಮಾತ್ರ ಶಾಂತವಾಗಿ, “ಪೂರ್ವದೇಶಕ್ಕೆ ಹೋದವನ ಲೆಕ್ಕವು ಹೇಗ್ ನಗರದಲ್ಲಿರಬೇಕು,” ಎಂದನು. ಮುಂದಿನ ವಾರ ನಾವು ಹೇಗ್ ನಗರದ ರೈಲುನಿಲ್ದಾಣಕ್ಕೆ ಹೊಂದಿಕೊಂಡಂತಿರುವ ರಾಷ್ಟ್ರೀಯ ದಫ್ತರಖಾನೆಗೆ ಹೋದೆವು. 1602ರಲ್ಲಿ ಹುಟ್ಟಿ 1799ರಲ್ಲಿ ಮುಗಿದ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಕಾಗದಗಳು ಅಲ್ಲಿರುವುವು. ನಮ್ಮ ಕರಾವಳಿಯ ಬಸರೂರಿನಲ್ಲಿ ಕೋಠಿಯನ್ನಿಟ್ಟು, ಕೆಳದಿಯ ಅರಸರೊಡನೆ ಕರಾರು ಮಾಡಿಕೊಂಡು, ಅಕ್ಕಿಯನ್ನೂ ಮೆಣಸನ್ನೂ ಕೊಂಡವರು ಇದೇ ಕಂಪೆನಿಯವರು. ಸುಮಾರು ಎರಡು ಶತಮಾನಗಳಲ್ಲಿ ಈ ಕಂಪೆನಿಯ ಹಡಗುಗಳಲ್ಲಿ ಹತ್ತಿರಹತ್ತಿರ ಹತ್ತು ಲಕ್ಷ ಜನರು ಏಷ್ಯಕ್ಕೆ ಹೊರಟರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಿರುಗಲಿಲ್ಲ.

ಹಡಗಿಗೊಂದರಂತೆ ಸಂಬಳದ ಖಾತೆಪುಸ್ತಕವಿದ್ದಿತು. ಒಬ್ಬೊಬ್ಬ ಆಳಿಗೂ ಎದುರುಬದುರಾದ ಎರಡು ಪುಟ. ಒಂದರಲ್ಲಿ ಆತನ ಸಾಲ, ಇನ್ನೊಂದರಲ್ಲಿ ಆತನ ಗಳಿಕೆ. ಹೆಸರು, ಊರು, ಹುದ್ದೆ, ಹಡಗು, ಕೊನೆಗೆ ಆತನು ಏನಾದನು ಎಂಬುದು, ಹಿಂದಿರುಗಿದನೋ, ಸತ್ತನೋ, ನಿಜವಾಗಿ ಓಡಿಹೋದನೋ, ಎಲ್ಲವೂ ಅಲ್ಲುಂಟು. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 9 ಗಿಲ್ಡರು. ಏಷ್ಯದಲ್ಲಿ ಐದು ವರ್ಷದ ಕರಾರು. ಹೊರಡುವ ಮೊದಲು ಉಡುಪು ಪೆಟ್ಟಿಗೆಗಳಿಗಾಗಿ ಮಾಡಿದ ಸಾಲಕ್ಕೆ ಆತನು ಒಂದು ಸಾಲದ ಚೀಟಿಯನ್ನು ಬರೆದುಕೊಡುವನು. ಅಂತಹ ಚೀಟಿಗಳನ್ನು ಕಡಿಮೆ ಬೆಲೆಗೆ ಕೊಂಡು ಲಾಭ ಮಾಡುವ ವ್ಯಾಪಾರಿಗಳಿದ್ದರು. ಡಚ್ ಭಾಷೆಯಲ್ಲಿ ಚೀಟಿಗೆ ‘ಸೇಲ್’, ಆತ್ಮಕ್ಕೆ ‘ಜೀಲ್’. ಧ್ವನಿಸಾಮ್ಯದಿಂದ ಜನರು ಆ ಚೀಟಿ ಮಾರುವವರನ್ನು ‘ಆತ್ಮ ಮಾರುವವರು’ ಎಂದು ಕರೆದರು. ಶ್ಲೇಷಾಲಂಕಾರವನ್ನು ಕವಿಗಳಿಗಿಂತ ಚೆನ್ನಾಗಿ ಹಸಿದವರು ಬಲ್ಲರು. ಇದಲ್ಲದೆ ‘ತಿಂಗಳ ಚೀಟಿ’ ಎಂಬ ಇನ್ನೊಂದು ಉಂಟು. ಅದರ ಮೂಲಕ ಆಳು ತನ್ನ ಹೆಂಡತಿಗಾಗಲಿ, ಮಕ್ಕಳಿಗಾಗಲಿ, ತಂದೆತಾಯಿಗಳಿಗಾಗಲಿ ವರ್ಷಕ್ಕೆ ಮೂರು ತಿಂಗಳ ಸಂಬಳವು ಸಲ್ಲುವಂತೆ ಮಾಡಬಹುದು. ಬರೆದುಕೊಡಬೇಕೆಂಬ ನಿರ್ಬಂಧವಿಲ್ಲ, ಮನಸ್ಸಿದ್ದವನು ಬರೆದುಕೊಡುವನು.

ಹಿಂದೆ ಆಕೆ ಅನೇಕಸಾರಿ ಹುಡುಕಿದರೂ ಆ ಹೆಸರು ಸಿಕ್ಕಿರಲಿಲ್ಲ. ಗುಮಾಸ್ತರು ಕಿವಿಗೆ ಕೇಳಿದಂತೆ ಹೆಸರನ್ನು ಬರೆಯುತ್ತಿದ್ದುದರಿಂದ ಒಂದೇ ಮನೆತನವು ನಾಲ್ಕು ಬಗೆಯಾಗಿ ಕಾಣುವುದು. ಆದುದರಿಂದ ಮನೆತನದ ಹೆಸರನ್ನು ಬಿಟ್ಟು, ಮಿಡಲ್‌ಬರ್ಗಿನವನು, ಇಂತಹ ಮೊದಲ ಹೆಸರಿನವನು, ಮಗನ ಜನನಕ್ಕೆ ಈಚೆಗೆ ಹೊರಟವನು ಎಂದು ಹುಡುಕಿದೆವು. ಮೂರನೆಯ ದಿನ ಮಧ್ಯಾಹ್ನ ಆ ಪುಟವು ದೊರೆಯಿತು. ಎರಡು ಅಕ್ಷರಗಳ ವ್ಯತ್ಯಾಸದಿಂದ ಅದು ಇಷ್ಟು ಕಾಲ ಅಡಗಿದ್ದಿತು. ತಿಂಗಳ ಚೀಟಿಯಲ್ಲಿ ಹೆಂಡತಿಯ ಹೆಸರಿದ್ದಿತು; ಮದುವೆಯ ಕಟ್ಟಿನಲ್ಲಿ ಕಂಡ ಅದೇ ಹೆಸರು. ಆದುದರಿಂದ ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಮಗಳು ಒಂದೊಂದೇ ಪಂಕ್ತಿಯನ್ನು ಓದಿ ಹೇಳಿದಳು. ಸಿಪಾಯಿ, ತಿಂಗಳಿಗೆ 9 ಗಿಲ್ಡರು. ತಿಂಗಳ ಚೀಟಿಯ ಮೇಲೆ ಮೊದಲ ವರ್ಷ ಹೆಂಡತಿಗೆ 27 ಗಿಲ್ಡರು ಪಾವತಿ. ಎರಡನೆಯ ವರ್ಷವೂ ಪಾವತಿ. ಮೂರನೆಯ ವರ್ಷ ಪಾವತಿಯಿಲ್ಲ. ಆ ಹೊತ್ತಿಗೆ ಆಕೆ ಸತ್ತಿದ್ದಳೆಂಬುದು ನಮಗೆ ಮೊದಲೇ ತಿಳಿದಿದ್ದಿತು. ಆಕೆ ಸತ್ತ ಕೆಲವು ತಿಂಗಳಿಗೆ, ಪುಟದ ಕೊನೆಯಲ್ಲಿ, ಮಲಬಾರಿನಲ್ಲಿ ಮೃತನಾದನೆಂದು ಒಂದು ಪಂಕ್ತಿ. ಸಾಲವನ್ನು ಕಳೆದರೆ ಆತನ ಲೆಕ್ಕದಲ್ಲಿ ಉಳಿದುದು ಏನೂ ಇಲ್ಲ. ಪಡೆಯಬೇಕಾದ ಹಣವಿಲ್ಲದುದರಿಂದ ಯಾರೂ ಕೇಳಲು ಬರಲಿಲ್ಲ. ಹೇಳಿಸಿಕೊಳ್ಳಬೇಕಾದ ಹೆಂಡತಿಯು ಮಣ್ಣಿನಲ್ಲಿದ್ದಳು. ಐದಾರು ವರ್ಷದ ಹುಡುಗನಿಗೆ ಸುದ್ದಿಯನ್ನು ಮುಟ್ಟಿಸುವವರಾರು? ‘ಆತನ ಸುದ್ದಿಯಿಲ್ಲ’ ಎಂಬ ಸಾಕ್ಷಿಗಳ ಮಾತು ಸುಳ್ಳಲ್ಲ; ಅದಕ್ಕೆ ‘ಓಡಿಹೋದನು’ ಎಂಬ ಬಾಲವನ್ನು ಕಟ್ಟಿದುದು ಮಾತ್ರ ಸುಳ್ಳು.

ವೃದ್ಧೆಯು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಆ ಎರಡು ಪಾವತಿಗಳ ಮೇಲೆ ಬೆರಳನ್ನು ಮುಟ್ಟಿಸದೆ, ಗಾಳಿಯಲ್ಲಿಯೇ ಸವರುವಂತೆ ಸರಿಸಿ, “ನನ್ನ ತಂದೆ ಇದನ್ನು ನೋಡಿಕೊಂಡು ಹೋಗಬೇಕಾಗಿತ್ತು,” ಎಂದರು. ಮಲಬಾರ್ ಎಲ್ಲಿಯದೆಂದು ಆಮೇಲೆ ನನ್ನನ್ನು ಕೇಳಿದರು. ನಮ್ಮ ಊರಿನಿಂದ ಒಂದು ರಾತ್ರಿಯ ಪ್ರಯಾಣವೆಂದು ತಿಳಿಸಿದೆನು. 1663ರಿಂದ 1795ರವರೆಗೆ ಡಚ್ಚರ ಕೈಯಲ್ಲಿದ್ದ ಕೊಚ್ಚಿಯಲ್ಲಿ, ಸಮುದ್ರದ ದಂಡೆಯ ಬಳಿ, ಅವರ ಹಳೆಯ ಸ್ಮಶಾನವು ಇಂದಿಗೂ ಇರುವುದು. ಅದನ್ನು ಹಿಂದೊಮ್ಮೆ ನಾನು ನೋಡಿದ್ದೆನು. ಆದರೆ ಅಲ್ಲಿ ಕಲ್ಲಿನ ಗೋರಿ ಕಟ್ಟಿಸಿಕೊಂಡವರು ಅಧಿಕಾರಿಗಳು, ವರ್ತಕರು. 9 ಗಿಲ್ಡರಿನ ಸಿಪಾಯಿಗೆ ಕಲ್ಲನ್ನು ನೆಡುವವರಾರು? ಹೇಗ್ ನಗರದ ಆ ಪುಟವೇ ಆತನ ಕಲ್ಲು.

ನಮ್ಮಲ್ಲಿ ತರ್ಪಣ ಕೊಡುವಾಗ ತಂದೆ, ತಾತ, ಮುತ್ತಾತ ಎಂದು ಮೂರು ತಲೆಗಳ ಹೆಸರನ್ನು ಹೇಳುವೆವು. ಸಾಪಿಂಡ್ಯವು ಏಳನೆಯ ಪುರುಷನಲ್ಲಿ ಮುಗಿಯುವುದೆಂದು ಧರ್ಮಶಾಸ್ತ್ರವು ಹೇಳುವುದು. ತನ್ನನ್ನೂ ಸೇರಿಸಿ ಎಣಿಸಿದರೆ ಆ ಸಿಪಾಯಿಯು ಆ ವೃದ್ಧೆಗೆ ಸರಿಯಾಗಿ ಏಳನೆಯವನು. ಪಿಂಡವನ್ನೂ ತಿಲೋದಕವನ್ನೂ ಅರಿಯದ ಆಕೆ, ಆತನ ಮೇಲಿನ ಅಪವಾದವನ್ನು ತೊಳೆದಳು. ಪಿತೃಋಣವನ್ನು ತೀರಿಸುವ ಮಾರ್ಗಗಳಲ್ಲಿ ಇದೂ ಒಂದೆಂದು ನನಗೆ ತೋರುವುದು.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮ ದೇಶದಲ್ಲಿ ಜನನ ಮರಣಗಳ ನೋಂದಣಿಯನ್ನು ಕಡ್ಡಾಯಮಾಡುವ ಕಾನೂನು 1969ರಲ್ಲಿ ಬಂದಿತು. ಅದಕ್ಕೆ ಹಿಂದಿನವರ ವಿಷಯವು ಮನೆಯ ಹಿರಿಯರ ನೆನಪಿನಲ್ಲಿಯೂ, ಕಾಶಿ ಗಯೆ ಹರಿದ್ವಾರಗಳ ಪಂಡರ ಪುಸ್ತಕಗಳಲ್ಲಿಯೂ, ಹಳೆಯ ಜಾತಕಗಳಲ್ಲಿಯೂ ಚೆದುರಿಹೋಗಿರುವುದು. ಮನೆಯ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ. ಹೆಣ್ಣುಮಕ್ಕಳ ತವರಿನ ಹೆಸರನ್ನೂ ಬರೆಯಿರಿ. ಹುಟ್ಟಿ ಉಳಿಯದ ಕೂಸುಗಳನ್ನೂ ಬಿಡಬೇಡಿರಿ. ಊರು ಬಿಟ್ಟು ಹೋದವನನ್ನು ಓಡಿಹೋದವನೆಂದು ಬರೆಯುವ ಮೊದಲು ವಿಚಾರಿಸಿರಿ. ಬರೆದುದನ್ನು ಎರಡು ಪ್ರತಿಮಾಡಿ, ಒಂದನ್ನು ನಿಮ್ಮ ಪೆಟ್ಟಿಗೆಯಲ್ಲಿಯೂ ಇನ್ನೊಂದನ್ನು ಬೇರೆ ಊರಿನಲ್ಲಿರುವ ಅಣ್ಣನ ಅಥವಾ ತಂಗಿಯ ಮನೆಯಲ್ಲಿಯೂ ಇಡಿರಿ.